ಕಿವಿಯಲ್ಲಿ ಬೈಯುವ ದನಿಗೆ ಒಂದು ಮುಖ

ನನ್ನ ಚಿಕ್ಕಪ್ಪನ ಮಗನಿಗೆ ಏಳೆಂಟು ವರ್ಷದಿಂದ ಕಿವಿಯಲ್ಲಿ ಒಂದು ದನಿ ಕೇಳಿಸುತ್ತದೆ. ಗಂಡಸಿನ ದನಿ. ಬೆಳಗ್ಗೆ ಹಲ್ಲುಜ್ಜುವಾಗ ಶುರುವಾದರೆ ರಾತ್ರಿ ಮಾತ್ರೆ ನುಂಗಿ ನಿದ್ದೆ ಹತ್ತುವವರೆಗೂ ಬಿಡುವುದಿಲ್ಲ. ಅವನ ಹೆಸರು, ಊರು ಇಲ್ಲಿ ಹಾಕುತ್ತಿಲ್ಲ. ಬರೀಲೇನಪ್ಪ ಎಂದು ಕೇಳಿದ್ದೆ. "ಬರಿ ಅಣ್ಣ, ಆದ್ರೆ ನಾನು ಅಂತ ಯಾರಿಗೂ ಗೊತ್ತಾಗಬಾರದು" ಎಂದ. ಬಳ್ಳಾರಿ ಜಿಲ್ಲೆಯ ಒಂದು ಊರು ಎಂದಷ್ಟೇ ಇಟ್ಟುಕೊಳ್ಳಿ.

ಮೊದಲ ಎರಡು ವರ್ಷ ಎಲ್ಲರ ಮನೆಯಲ್ಲಿ ಆಗುವುದೇ ಇವರ ಮನೆಯಲ್ಲೂ ಆಯಿತು. ಗಾಳಿ ಸೋಂಕಿದೆ ಅಂದರು. ತಾಯತ ಕಟ್ಟಿಸಿದರು. ಅಮಾವಾಸ್ಯೆ ರಾತ್ರಿ ಗುಡಿ ಮುಂದೆ ಮಲಗಿಸಿದರು, ದರ್ಗಾಕ್ಕೂ ಕರೆದುಕೊಂಡು ಹೋದರು. ಮೂರನೇ ವರ್ಷ ದೊಡ್ಡಾಸ್ಪತ್ರೆಯ ಬಾಗಿಲು ಕಂಡೆವು. ಮಾತ್ರೆಯಿಂದ ಒಳ್ಳೆಯದೇ ಆಯಿತು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಎದ್ದು ಓಡುವುದು ನಿಂತಿತು. ಸರಿಯಾಗಿ ಉಣ್ಣತೊಡಗಿದ, ಹೊಲಕ್ಕೆ ನೀರು ಕಟ್ಟಲು ಹೋಗತೊಡಗಿದ. ಆದರೆ ದನಿ ಹೋಗಲಿಲ್ಲ. ಸಣ್ಣದಾಯಿತು, ಅಷ್ಟೆ.

ತಿಂಗಳಿಗೊಮ್ಮೆ ಡಾಕ್ಟರ ಮುಂದೆ ಕೂರುತ್ತಾನೆ. "ದನಿ ಇನ್ನೂ ಕೇಳ್ತದಾ?" "ಕೇಳ್ತದೆ ಸಾರ್." ಚೀಟಿಯಲ್ಲಿ ಅರ್ಧ ಮಾತ್ರೆ ಜಾಸ್ತಿ. ಎರಡು ನಿಮಿಷದ ಕೆಲಸ. ಹೊರಗೆ ವರಾಂಡದ ತುಂಬ ಜನ ಕಾಯುತ್ತಿರುತ್ತಾರೆ, ಡಾಕ್ಟರದ್ದು ತಪ್ಪು ಎನ್ನಲಾರೆ. ಆದರೆ ಇಷ್ಟು ವರ್ಷದಲ್ಲಿ ಆ ದನಿ ಏನು ಹೇಳುತ್ತದೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಊರೂರು ತಿರುಗಿ, ಮಂದಿಗೆ ಪ್ರಶ್ನೆ ಕೇಳಿ ಹೊಟ್ಟೆ ಹೊರೆಯುವವನು ನಾನು!

ಕೇಳುವ ಬುದ್ಧಿ ಬಂದದ್ದು ಲಂಡನ್ನಿನ ಒಬ್ಬ ಡಾಕ್ಟರ ಬಗ್ಗೆ ಓದಿದ ಮೇಲೆ. ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಆ ದಿನಕ್ಕೆ ಪತ್ರಿಕೆಯವರು ಒಂದು ವರದಿ ಕೇಳಿದ್ದರು. ಜಾಥಾ, ಭಾಷಣ, ಗಣ್ಯರ ಫೋಟೊ ಬಿಟ್ಟು ಬೇರೇನಾದರೂ ಬರೆಯೋಣವೆಂದು ಹುಡುಕುವಾಗ ಜೂಲಿಯನ್ ಲೆಫ್ ಎಂಬ ಹೆಸರು ಸಿಕ್ಕಿತು.

ಲೆಫ್ ಮನೋವೈದ್ಯರು. ಸ್ಕಿಜೋಫ್ರೇನಿಯಾ ಎಂಬ ಕಾಯಿಲೆಯ ಜೊತೆಗೇ ಆಯುಷ್ಯ ಕಳೆದವರು. 2008ರ ಸುಮಾರಿಗೆ, ನಿವೃತ್ತಿಯ ವಯಸ್ಸಿನಲ್ಲಿ, ಅವರಿಗೊಂದು ಯೋಚನೆ ಬಂತು. ದನಿ ಕೇಳುವವರು ಹೆಚ್ಚಾಗಿ ಹೇಳಿಕೊಳ್ಳುವುದು ತಮ್ಮ ಅಸಹಾಯಕತೆಯನ್ನು. ಬೈಯುವವನು ಕಣ್ಣಿಗೆ ಕಾಣುವುದಿಲ್ಲ. ತಿರುಗಿ ಬೈಯೋಣವೆಂದರೆ ಎದುರಿಗೆ ಯಾರೂ ಇಲ್ಲ, ಗಾಳಿಗೆ ಮಾತಾಡಿದರೆ ಊರವರು ನಗುತ್ತಾರೆ. ಆದರೆ ಕೆಲವರು ಹೇಗೋ ಆ ದನಿಯ ಜೊತೆ ಮಾತಿಗೆ ಮಾತು ಕೊಡಲು ಕಲಿತಿರುತ್ತಾರೆ, ಅಂಥವರು ಉಳಿದವರಿಗಿಂತ ಗಟ್ಟಿಯಾಗಿರುತ್ತಾರೆ. ಹಾಗಾದರೆ ದನಿಗೆ ಒಂದು ಮುಖ ಕೊಟ್ಟು ಎದುರಿಗೆ ಕೂರಿಸಿದರೆ ಹೇಗೆ?

ಅವರು ಮಾಡಿದ್ದು ಇದು. ರೋಗಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿ, ನಿನ್ನನ್ನು ಬೈಯುವವನು ಹೇಗಿರಬಹುದು, ನೀನೇ ಮಾಡು ಎಂದರು. ಕಣ್ಣು, ಮೂಗು, ಬಣ್ಣ, ವಯಸ್ಸು ಎಲ್ಲ ರೋಗಿಯೇ ಆರಿಸಬೇಕು. ಕಾರ್ಟೂನ್ ಸಿನಿಮಾದ ಹಾಗೆ ತುಟಿ ಆಡಿಸುವ ಒಂದು ಮುಖ ತಯಾರಾಗುತ್ತದೆ. ಆಮೇಲೆ ದನಿ. ದಪ್ಪ ಮಾಡಿ, ಸಣ್ಣ ಮಾಡಿ, ರೋಗಿ "ಹಾಂ, ಇದೇ" ಎನ್ನುವವರೆಗೆ ತಿದ್ದುತ್ತಾರೆ. ಈ ಮುಖಕ್ಕೆ ಅವತಾರ್ ಎಂದು ಹೆಸರು. ನಮ್ಮದೇ ಪದ, ಕಂಪ್ಯೂಟರಿನವರು ಎತ್ತಿಕೊಂಡು ಹೋಗಿದ್ದಾರೆ.

ಚಿಕಿತ್ಸಕರು ಪಕ್ಕದ ಕೋಣೆಯಲ್ಲಿ ಮೈಕ್ ಹಿಡಿದು ಕೂರುತ್ತಾರೆ. ಅವರಿಗೆ ಎರಡು ದನಿ. ಒಂದು ಅವರದೇ, ಇನ್ನೊಂದು ಯಂತ್ರ ಬದಲಿಸಿ ಕೊಡುವ ಅವತಾರ್‌ನ ದನಿ. ಮೊದಮೊದಲು ಅವತಾರ್ ರೋಗಿಯ ಕಿವಿಯಲ್ಲಿ ಕೇಳುವ ಬೈಗುಳವನ್ನೇ ಬೈಯುತ್ತದೆ, ಅದೇ ಮಾತು, ಅದೇ ಧಾಟಿ. ಕೂಡಲೇ ಚಿಕಿತ್ಸಕರು ತಮ್ಮ ಸ್ವಂತ ದನಿಯಲ್ಲಿ, ಸುಮ್ಮನೆ ಕೇಳಬೇಡ, ತಿರುಗಿ ಹೇಳು, ಅದು ಸುಳ್ಳು ಅನ್ನು ಎಂದು ಧೈರ್ಯ ಕೊಡುತ್ತಾರೆ. ರೋಗಿ ಬಾಯಿ ತೆರೆಯುತ್ತಾನೆ. ಒಂದೊಂದು ಸಲ ಕೂತಾಗಲೂ ರೋಗಿಯ ದನಿ ಏರುತ್ತದೆ, ಅವತಾರ್ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ, ಕೊನೆಗೆ ಸೋಲುತ್ತದೆ. ಒಟ್ಟು ಆರೇಳು ಬಾರಿ ಕೂತರೆ ಮುಗಿಯಿತು. ಪ್ರತಿ ಸಲವೂ ಮುಖಾಮುಖಿ ಮಾತು ಹತ್ತು ಹದಿನೈದು ನಿಮಿಷ ಮಾತ್ರ, ಉಳಿದ ಸಮಯವೆಲ್ಲ ತಯಾರಿ ಮತ್ತು ಸಮಾಧಾನ. ಮಾತುಕತೆಯ ರೆಕಾರ್ಡಿಂಗನ್ನು ಮನೆಗೂ ಕೊಟ್ಟು ಕಳಿಸುತ್ತಾರೆ. ದನಿ ಮತ್ತೆ ಬಂದಾಗ ರೋಗಿ ತಾನೇ ಅದಕ್ಕೆ ಉತ್ತರ ಕೊಟ್ಟಿದ್ದನ್ನು ಕೇಳಿಸಿಕೊಳ್ಳಬಹುದು.

ಪಕ್ಕದ ಕೋಣೆಯಲ್ಲಿ ಮಾತಾಡುತ್ತಿರುವವರು ಡಾಕ್ಟರೇ ಎಂದು ರೋಗಿಗೆ ಗೊತ್ತಿರುತ್ತದೆ. ಇಲ್ಲಿ ಮೋಸ ಏನೂ ಇಲ್ಲ. ಗೊತ್ತಿದ್ದರೂ ಕೆಲಸ ಮಾಡುತ್ತದೆ.

ಇದು ಹೇಗೆ ಸಾಧ್ಯ ಅನ್ನಿಸಿದರೆ ಬಯಲಾಟ ನೆನಪು ಮಾಡಿಕೊಳ್ಳಿ. ನಾನು ಐದಾರು ವರ್ಷದವನಿದ್ದಾಗ ನಮ್ಮೂರ ಆಟದಲ್ಲಿ ರಾಕ್ಷಸನ ಪಾತ್ರ ಬಂತೆಂದರೆ ಅವ್ವನ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದೆ. ಅವನ ಕೇಕೆಗೆ ಚಡ್ಡಿ ಒದ್ದೆಯಾದದ್ದೂ ಉಂಟು. ಒಂದು ಸಲ ಅಪ್ಪ ಕೈ ಹಿಡಿದು ರಂಗದ ಹಿಂದೆ ಕರೆದುಕೊಂಡು ಹೋದ. ರಾಕ್ಷಸ ಕಿರೀಟ ತೆಗೆದು ಪಕ್ಕಕ್ಕಿಟ್ಟು ಬೀಡಿ ಸೇದುತ್ತಾ ಕೂತಿದ್ದ. ನಮ್ಮೂರಲ್ಲೇ ಬಟ್ಟೆ ಹೊಲಿಯುವ ಮಾವ! "ಏನೋ ಮರಿ, ಅಂಜಿದ್ಯಾ?" ಎಂದ. ಮುಂದಿನ ವರ್ಷದ ಆಟದಲ್ಲೂ ಅವನ ಕೇಕೆಗೆ ಎದೆ ಝಲ್ಲೆಂದಿತು. ಆದರೆ ಸೆರಗು ಹುಡುಕಲಿಲ್ಲ, ಕಣ್ಣು ಬಿಟ್ಟುಕೊಂಡೇ ನೋಡಿದೆ.

ಇದನ್ನೆಲ್ಲ ಓದಿದ ವಾರವೇ ತಮ್ಮನ ಹೊಲಕ್ಕೆ ಹೋದೆ. ಬದುವಿನ ಮೇಲೆ ಕೂತು ಮೊದಲ ಸಲ ಕೇಳಿದೆ. ಅದು ಏನು ಅಂತದೋ?

ಸ್ವಲ್ಪ ಹೊತ್ತು ನೆಲ ನೋಡಿದ. "ನೀ ಮನೀಗೆ ದಂಡ ಅಂತೈತೆ. ನಿನ್ನಿಂದನೇ ನಿಮ್ಮಪ್ಪ ಸಾಲದಾಗ ಬಿದ್ದ, ನೀ ಇರಬಾರದು ಅಂತೈತೆ."

ಯಾವ ಭಾಷೆಯಲ್ಲಿ?

"ನಮ್ಮ ಭಾಷೇಲೇ ಅಣ್ಣ. ಟೀವಿ ಕನ್ನಡ ಅಲ್ಲ."

ಯಾರ ದನಿ ಇದ್ದ ಹಾಗೆ ಇದೆ ಎಂದು ಕೇಳಿದೆ. ಅವನು ಹದಿಮೂರು ಹದಿನಾಲ್ಕರ ಹುಡುಗನಿದ್ದಾಗ ಬಡ್ಡಿ ವಸೂಲಿಗೆ ಬಂದು ಹೊಸ್ತಿಲ ಮೇಲೆ ನಿಂತು ಚಿಕ್ಕಪ್ಪನನ್ನು ಓಣಿಗೆ ಕೇಳುವ ಹಾಗೆ ಬೈಯುತ್ತಿದ್ದ ಒಬ್ಬ ಮನುಷ್ಯನಿದ್ದ. ಅವನ ದನಿ. ಆ ಮನುಷ್ಯ ಸತ್ತು ಬಹಳ ವರ್ಷವಾಗಿದೆ. ಇವನ ಕಿವಿಯೊಳಗೆ ಇನ್ನೂ ವಸೂಲಿ ಮಾಡುತ್ತಿದ್ದಾನೆ.

ಏಳೆಂಟು ವರ್ಷ, ಎಷ್ಟು ಆಸ್ಪತ್ರೆ ಚೀಟಿ, ಎಷ್ಟು ತಾಯತ. ಈ ಮಾತು ಹೊರಗೆ ಬರಲು ಹತ್ತು ನಿಮಿಷ ಸಾಕಾಯಿತು.

ಗುಡಿಯಲ್ಲಿ ದೆವ್ವ ಬಿಡಿಸುವವರೂ ಇದನ್ನೇ ಮಾಡುತ್ತಾರಲ್ಲ, ಯಾರು ನೀನು, ಯಾಕೆ ಬಂದೆ, ಏನು ಬೇಕು ಎಂದು ದನಿಯ ಜೊತೆ ಮಾತಾಡುತ್ತಾರಲ್ಲ ಎಂದು ನೀವು ಕೇಳಬಹುದು. ನನಗೂ ಹಾಗೇ ಅನ್ನಿಸಿತ್ತು. ಹೋಲಿಕೆ ಇದೆ, ಅದನ್ನು ಮುಚ್ಚಿಡುವ ಅಗತ್ಯ ಕಾಣುವುದಿಲ್ಲ. ದನಿಗೆ ಹೆಸರಿಟ್ಟು ಎದುರಿಗೆ ಕರೆಯಬೇಕು ಎನ್ನುವುದು ನಮ್ಮ ಹಳಬರಿಗೂ ಗೊತ್ತಿತ್ತು. ಆದರೆ ಅಲ್ಲಿ ಗೆಲ್ಲುವವನು ಬಿಡಿಸುವವನು. ಬೇವಿನ ಸೊಪ್ಪಿನ ಏಟು, ಕೆಲವು ಕಡೆ ಬೆತ್ತದ ಏಟು ತಿನ್ನುವವನು ರೋಗಿ. ಲೆಫ್ ಅವರ ಕೋಣೆಯಲ್ಲಿ ಗೆಲ್ಲಬೇಕಾದವನು ರೋಗಿ, ಉಳಿದವರೆಲ್ಲ ಅವನ ಗೆಲುವಿಗೆ ಪಾತ್ರ ಹಾಕುವವರು. ಮಾತ್ರೆ ನಿಲ್ಲಿಸಿ ಎಂದೂ ಅಲ್ಲಿ ಯಾರೂ ಹೇಳುವುದಿಲ್ಲ. ಮಾತ್ರೆ ತೆಗೆದುಕೊಂಡೂ ದನಿ ನಿಲ್ಲದವರಿಗೆ, ಮಾತ್ರೆಯ ಜೊತೆಗೇ, ಈ ಚಿಕಿತ್ಸೆ.

ಫಲ ಎಷ್ಟು? ಪೂರ್ತಿ ಹೇಳಬೇಕು, ಅರ್ಧ ಹೇಳಿದರೆ ಔಷಧಿ ಮಾರುವವರಿಗೂ ನಮಗೂ ವ್ಯತ್ಯಾಸ ಇರುವುದಿಲ್ಲ. 2013ರಲ್ಲಿ ಪ್ರಕಟವಾದ ಮೊದಲ ಸಣ್ಣ ಪ್ರಯೋಗದಲ್ಲಿ ಚಿಕಿತ್ಸೆ ಮುಗಿಸಿದವರು 16 ಜನ. ಅವರಲ್ಲಿ ಮೂವರಿಗೆ ದನಿ ಪೂರ್ತಿ ನಿಂತಿತು. 2018ರಲ್ಲಿ ಟಾಮ್ ಕ್ರೇಗ್ ಮತ್ತು ಜೊತೆಗಾರರ 150 ಜನರ ಪ್ರಯೋಗ ಬಂತು. ಅರ್ಧ ಜನರಿಗೆ ಅವತಾರ್, ಇನ್ನರ್ಧ ಜನರಿಗೆ ಬರೀ ಆಪ್ತಸಮಾಲೋಚನೆ. 12 ವಾರಕ್ಕೆ ಅವತಾರ್ ಪಡೆದವರು ಸ್ಪಷ್ಟವಾಗಿ ಮುಂದಿದ್ದರು. 24 ವಾರಕ್ಕೆ ನೋಡಿದರೆ ಎರಡೂ ಗುಂಪಿನ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ಅವತಾರ್‌ನವರು ಹಿಂದೆ ಬಿದ್ದದ್ದಲ್ಲ, ಸಮಾಧಾನವಾಗಿ ಕೂತು ಮಾತಾಡಿಸಿಕೊಂಡವರೂ ಸುಧಾರಿಸುತ್ತ ಬಂದಿದ್ದರು. 2024ರಲ್ಲಿ ಬ್ರಿಟನ್ನಿನಲ್ಲೇ 345 ಜನರ ಮೇಲೆ ನಡೆದ ಇನ್ನೂ ದೊಡ್ಡ ಪ್ರಯೋಗದ ಫಲಿತಾಂಶ ಬಂತು. 16 ವಾರಕ್ಕೆ ದನಿಯಿಂದಾಗುವ ಸಂಕಟ ಇಳಿದಿತ್ತು, 28 ವಾರಕ್ಕೆ ಆ ಲಾಭ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಹೆಚ್ಚು ಸಲ ಕೂತು ದೀರ್ಘ ಚಿಕಿತ್ಸೆ ಪಡೆದವರಿಗೆ ಮಾತ್ರ ದನಿ ಬರುವುದೇ ಕಡಿಮೆಯಾದದ್ದು ಆಗಲೂ ಉಳಿದಿತ್ತು.

ಹಾಗಾಗಿ ಇದು ಪವಾಡ ಅಲ್ಲ. ಆದರೆ 2018ರ ಆ ಫಲಿತಾಂಶದ ಮುಂದೆ ನಾನು ಬಹಳ ಹೊತ್ತು ನಿಂತೆ. ಯಂತ್ರವಿಲ್ಲದೆ, ಮುಖವಿಲ್ಲದೆ, ಬರೀ ಒಬ್ಬ ಮನುಷ್ಯ ಎದುರು ಕೂತು ಗಮನವಿಟ್ಟು ಕೇಳಿಸಿಕೊಂಡರೂ ಆರು ತಿಂಗಳ ಹೊತ್ತಿಗೆ ಅದೇ ಜಾಗ ಮುಟ್ಟಿದರು. ನನ್ನ ತಮ್ಮನಿಗೆ ಸಿಗದಿದ್ದುದು ಅವತಾರ್ ಮಾತ್ರವಲ್ಲ, ಈ ಎರಡನೆಯದೂ ಸಿಕ್ಕಿರಲಿಲ್ಲ.

ಈಗ ಕನ್ನಡಕದ ವಿಷಯ. ಜಾತ್ರೆಯಲ್ಲಿ ನೋಡಿರುತ್ತೀರಿ, ತೊಟ್ಟಿಲು, ಸಾವಿನ ಬಾವಿಯ ಪಕ್ಕದಲ್ಲೇ ಈಚೆಗೆ ವಿ.ಆರ್. ಅಂಗಡಿಗಳು ಬಂದಿವೆ. ದಪ್ಪ ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿ ಕೂರಿಸುತ್ತಾರೆ, ಕಣ್ಣ ಮುಂದೆ ರೈಲು ಪಾತಾಳಕ್ಕೆ ಇಳಿಯುತ್ತದೆ. ನಮ್ಮ ಜಾತ್ರೆಯಲ್ಲಿ ಗಡದ್ದಾದ ಹಮಾಲಿ ಅಣ್ಣನೊಬ್ಬ ಕುರ್ಚಿಯಲ್ಲಿ ಕೂತೇ "ಯವ್ವಾ" ಎಂದು ಕೂಗಿ ನನ್ನ ಕೈ ಹಿಡಿದದ್ದು ಇನ್ನೂ ನೆನಪಿದೆ. ಕುರ್ಚಿ ಅಲ್ಲಾಡಿರಲಿಲ್ಲ. ಬುದ್ಧಿಗೆ ಸುಳ್ಳೆಂದು ಗೊತ್ತು, ಮೈ ನಂಬಿಬಿಡುತ್ತದೆ.

ಭಯದ ಚಿಕಿತ್ಸೆಗೆ ಬೇಕಾದದ್ದು ಇದೇ. ಬಾವಿ ಎಂದರೆ ಹೆದರುವವನನ್ನು ಸ್ವಲ್ಪ ಸ್ವಲ್ಪ ಹತ್ತಿರ ಕರೆದೊಯ್ದು, ಏನೂ ಆಗಲಿಲ್ಲ ನೋಡು ಎಂದು ಮೈಗೇ ಕಲಿಸುವುದು ಹಳೆಯ ವಿಧಾನ. 1990ರ ದಶಕದಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಬಾರ್ಬರಾ ರೋಥ್‌ಬಾಮ್ ಮತ್ತು ಕಂಪ್ಯೂಟರ್ ತಜ್ಞ ಲ್ಯಾರಿ ಹಾಡ್ಜಸ್ ಇದನ್ನು ಕನ್ನಡಕದೊಳಗೆ ತಂದರು. ಎತ್ತರಕ್ಕೆ ಹೆದರುವವರನ್ನು ಇಲ್ಲದ ಸೇತುವೆ, ಇಲ್ಲದ ಬಾಲ್ಕನಿ, ಇಲ್ಲದ ಗಾಜಿನ ಲಿಫ್ಟಿನಲ್ಲಿ ನಿಲ್ಲಿಸಿದರು. ಆ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಆಮೇಲೆ ಯುದ್ಧದಿಂದ ಮರಳಿ ನಿದ್ದೆ ಕಳೆದುಕೊಂಡ ಸೈನಿಕರಿಗೆ ವಿಯೆಟ್ನಾಂ, ಇರಾಕ್‌ನ ಬೀದಿಗಳನ್ನೇ ಕಟ್ಟಿಕೊಟ್ಟರು. ಸಿಯಾಟಲ್‌ನ ಹಂಟರ್ ಹಾಫ್‌ಮನ್ ಸುಟ್ಟಗಾಯದವರಿಗಾಗಿ ಹಿಮದ ಲೋಕ ಮಾಡಿದರು. ಪಟ್ಟಿ ಬಿಚ್ಚುವ ಹೊತ್ತಿಗೆ ರೋಗಿ ಕನ್ನಡಕದೊಳಗೆ ಪೆಂಗ್ವಿನ್‌ಗಳಿಗೆ ಹಿಮದುಂಡೆ ಎಸೆಯುತ್ತಿರುತ್ತಾನೆ, ಮನಸ್ಸು ಅತ್ತ ಹೋದಾಗ ನೋವು ಅಷ್ಟು ಕಾಡುವುದಿಲ್ಲ. ಸ್ಟವ್ ಸಿಡಿದು ಸುಟ್ಟುಕೊಂಡ ಹೆಣ್ಣುಮಕ್ಕಳು ಪಟ್ಟಿ ಬದಲಿಸುವಾಗ ಕೂಗುವುದನ್ನು ಆಸ್ಪತ್ರೆಯ ವರಾಂಡದಲ್ಲಿ ನಿಂತು ಕೇಳಿದವನಿಗೆ ಇದು ಆಟದ ಸಾಮಾನು ಅನ್ನಿಸುವುದಿಲ್ಲ.

ನನ್ನ ವಾದಕ್ಕೆ ಹೆಚ್ಚು ಹತ್ತಿರದ್ದು ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ಅವರ ಕೆಲಸ. 2018ರಲ್ಲಿ ಎತ್ತರದ ಭಯವಿದ್ದ 100 ಜನರನ್ನು ತೆಗೆದುಕೊಂಡು ಅರ್ಧ ಜನರಿಗೆ ಕನ್ನಡಕ ಕೊಟ್ಟರು. ಚಿಕಿತ್ಸಕರೇ ಇಲ್ಲ, ಕನ್ನಡಕದೊಳಗಿನ ಬೊಂಬೆಯೇ ದಾರಿ ಹೇಳುತ್ತದೆ. ಹತ್ತು ಅಂತಸ್ತಿನ ಕಟ್ಟಡ, ಮರ ಹತ್ತಿ ಸಿಕ್ಕಿಕೊಂಡ ಬೆಕ್ಕನ್ನು ಇಳಿಸಬೇಕು. ಎರಡು ವಾರದಲ್ಲಿ ಒಟ್ಟು ಎರಡು ಗಂಟೆಯಷ್ಟು ಚಿಕಿತ್ಸೆ, ಭಯ ಸರಾಸರಿ ಮೂರನೇ ಎರಡು ಭಾಗ ಇಳಿಯಿತು. ಆಮೇಲೆ ಅವರ ತಂಡ ಗೇಮ್‌ಚೇಂಜ್ ಎಂಬ ಇನ್ನೊಂದನ್ನು ಮಾಡಿತು. ಇದು ಸ್ಕಿಜೋಫ್ರೇನಿಯಾದಂಥ ಕಾಯಿಲೆಯಿಂದ ಹೆದರಿ ಮನೆಯಿಂದ ಹೊರಗೇ ಬರದವರಿಗೆ. 346 ಜನರ ಮೇಲೆ ನಡೆದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಒಟ್ಟಾರೆ ಲಾಭ ಸಾಧಾರಣ, ಆದರೆ ಹೊಸ್ತಿಲು ದಾಟಲೇ ಆಗದಿದ್ದ ತೀವ್ರ ಭಯದವರಿಗೆ ಲಾಭ ಹೆಚ್ಚು.

ಅದರಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಕನ್ನಡಕ ಹಾಕಿಕೊಂಡವರ ಪಕ್ಕದಲ್ಲಿ ಒಬ್ಬ ಸಿಬ್ಬಂದಿ ಇರುತ್ತಿದ್ದರು. ಎಲ್ಲ ಕಡೆಯೂ ದೊಡ್ಡ ಮನೋವಿಜ್ಞಾನಿಯಲ್ಲ, ಕೆಲವು ಕಡೆ ಸಹಾಯಕ ಹುದ್ದೆಯವರು, ಇನ್ನು ಕೆಲವು ಕಡೆ ತಾವೇ ಹಿಂದೆ ಮಾನಸಿಕ ಕಾಯಿಲೆ ಅನುಭವಿಸಿ ಚೇತರಿಸಿಕೊಂಡು, ತರಬೇತಿ ಪಡೆದು ಬಂದವರು. ಎರಡು, ಕನ್ನಡಕದೊಳಗಿನ ಲೋಕಗಳು. ಬೀದಿ, ಬಸ್ಸು, ಅಂಗಡಿ, ಕೆಫೆ, ಡಾಕ್ಟರ ಮುಂದೆ ಕಾಯುವ ಕೋಣೆ, ಮತ್ತು ಪಬ್. ಇಂಗ್ಲೆಂಡಿನ ಮನುಷ್ಯ ಭಯ ಬಿಟ್ಟು ಮತ್ತೆ ಊರೊಳಗೆ ಸೇರಬೇಕಾದ ಜಾಗಗಳು ಇವೇ.

ನನ್ನ ತಮ್ಮ ಹೆದರುವುದು ಪಬ್ಬಿಗಲ್ಲ. ಬೆಳಗ್ಗೆ ಏಳೂವರೆಯ ಕೆಂಪು ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಾಗ ಹೆಂಗಸರ ಸೀಟಿನ ಕಂಬ ಹಿಡಿದು ನಿಲ್ಲಲು ಹೆದರುತ್ತಾನೆ, ಎಲ್ಲರೂ ತನ್ನನ್ನೇ ಮಾತಾಡಿಕೊಳ್ಳುತ್ತಾರೆ ಎಂದು. ಸಂತೆಗೆ ಹೆದರುತ್ತಾನೆ. ರೇಷನ್ ಅಂಗಡಿಯ ಸಾಲಿಗೆ ಹೆದರುತ್ತಾನೆ. ಗುಡಿ ಕಟ್ಟೆಯ ಮೇಲೆ ಇಸ್ಪೀಟು ಆಡುವವರ ಮುಂದೆ ಹಾದು ಹೋಗಬೇಕಾದರೆ ಹಿತ್ತಲ ದಾರಿ ಹಿಡಿಯುತ್ತಾನೆ. ಇವುಗಳಲ್ಲಿ ಒಂದಾದರೂ ಕನ್ನಡಕದೊಳಗೆ ಇರಬೇಕಲ್ಲವೇ? ಇನ್ನು ಅವತಾರ್‌ನ ಮಾತು ಹೇಳಲೇಬೇಕಾಗಿಲ್ಲ. ಅವನ ಹೊಸ್ತಿಲ ಮೇಲಿನ ವಸೂಲಿಗಾರ ಇಂಗ್ಲಿಷಿನಲ್ಲಿ ಬೈದರೆ ತಮ್ಮನಿಗೆ ನಗು ಬರಬಹುದು. ಪಠ್ಯಪುಸ್ತಕದ ಕನ್ನಡದಲ್ಲಿ ಬೈದರೂ ಅಷ್ಟೇ.

ಈ ಮಾತು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಇಂಥ ಯಂತ್ರಗಳು ಇಂದಲ್ಲ ನಾಳೆ ನಮ್ಮ ಜಿಲ್ಲೆಗೂ ಬರುತ್ತವೆ. ನಮ್ಮಲ್ಲಿ ಸಾಮಾನು ಬರುವುದು ಸುಲಭ. ಟೆಂಡರ್ ಆಗುತ್ತದೆ, ಉದ್ಘಾಟನೆ ಆಗುತ್ತದೆ, ರಿಬ್ಬನ್ನಿನ ಫೋಟೊ ನಾನೇ ಕಳಿಸಿರುತ್ತೇನೆ. ಆರು ತಿಂಗಳ ನಂತರ ಹೋದರೆ ಪೆಟ್ಟಿಗೆ ಬಿಚ್ಚದೆ ಬೀರುವಿನ ಮೇಲೆ ಕೂತಿರುತ್ತದೆ, ನಡೆಸುವವರಿಲ್ಲ ಎಂಬ ಉತ್ತರ. ಇಂಥ ಬೀರುಗಳ ಸುದ್ದಿ ನಾನು ಎಷ್ಟೋ ಬರೆದಿದ್ದೇನೆ. ಲೆಫ್ ಅವರ ಚಿಕಿತ್ಸೆಯನ್ನು ಮತ್ತೆ ನೋಡಿ. ಅವರಿಗೆ ತಲೆಗೆ ಹಾಕುವ ಕನ್ನಡಕವೂ ಬೇಕಾಗಿರಲಿಲ್ಲ, ಸಾಧಾರಣ ಕಂಪ್ಯೂಟರ್ ಪರದೆ ಸಾಕಾಗಿತ್ತು. ಕಷ್ಟದ ಸಾಮಾನು ಪಕ್ಕದ ಕೋಣೆಯಲ್ಲಿತ್ತು. ಯಾವಾಗ ಬೈಯಬೇಕು, ಯಾವಾಗ ಸೋಲಬೇಕು, ರೋಗಿ ಕುಸಿಯುತ್ತಿದ್ದಾನೆ ಎಂದಾಗ ಯಾವ ಗಳಿಗೆಯಲ್ಲಿ ಬೈಗುಳ ನಿಲ್ಲಿಸಿ ಸ್ವಂತ ದನಿಗೆ ಬರಬೇಕು ಎಂದು ತಿಳಿದ ಮನುಷ್ಯ.

ಅಂಥ ಮನುಷ್ಯರನ್ನು ಹಳ್ಳಿಯಲ್ಲಿ ಎಲ್ಲಿಂದ ತರುವುದು ಎನ್ನುವವರಿಗೆ ನಮ್ಮ ಜಿಲ್ಲೆಯ ಒಂದು ಹಳೆಯ ಕಥೆ ಹೇಳಬೇಕು. ನಮ್ಮವರಿಗೇ ಮರೆತುಹೋಗಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಒಂದು ಇಡೀ ಜಿಲ್ಲೆಗೆ ಮಾನಸಿಕ ಚಿಕಿತ್ಸೆ ಮುಟ್ಟಿಸಬಹುದೇ ಎಂದು ಪ್ರಯೋಗ ಮಾಡಲು ಆರಿಸಿಕೊಂಡದ್ದು ಬಳ್ಳಾರಿಯನ್ನು. ಆಗ ಜಿಲ್ಲೆಯ ಜನಸಂಖ್ಯೆ ಸುಮಾರು 20 ಲಕ್ಷ. ಹೊಸ ಆಸ್ಪತ್ರೆ ಕಟ್ಟಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಅಗತ್ಯದ ನಾಲ್ಕಾರು ಔಷಧಿ ಅಲ್ಲೇ ಸಿಗುವಂತೆ ಮಾಡಿದರು, ಸರಳವಾದ ದಾಖಲೆ ಇಡಲು ಕಲಿಸಿದರು. ಬಳ್ಳಾರಿ ಮಾದರಿ ಎಂದೇ ಅದಕ್ಕೆ ಹೆಸರಾಯಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿರುವುದು ಆ ಅಡಿಪಾಯದ ಮೇಲೆ. ಇಂದು ಯಾವ ಜಿಲ್ಲೆಯವರು ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಹೋಗಿ ಮಾತ್ರೆ ತಂದರೂ ಆ ದಾರಿ ನಮ್ಮ ಹಳ್ಳಿಗಳಲ್ಲಿ ಮೊದಲು ತುಳಿದದ್ದು.

ಮಾತ್ರೆ ಕೊಡುವುದನ್ನು ಹಳ್ಳಿಯ ಡಾಕ್ಟರಿಗೆ ಕಲಿಸಬಹುದಾದರೆ, ಮಾತಾಡಿಸುವುದನ್ನು ಯಾಕೆ ಕಲಿಸಬಾರದು? ಜಿಲ್ಲಾ ತಂಡದಲ್ಲಿ ಮನೋವಿಜ್ಞಾನಿ, ಸಮಾಜ ಕಾರ್ಯಕರ್ತ, ನರ್ಸ್ ಹುದ್ದೆಗಳಿವೆ. ಅವು ತುಂಬಿರಬೇಕು, ತುಂಬಿದವರು ಲೆಕ್ಕಪತ್ರ ಬರೆಯುವುದರಲ್ಲೇ ಕಳೆದುಹೋಗಬಾರದು, ಅದು ಮೊದಲ ಮಾತು. ನಿಮ್ಹಾನ್ಸ್‌ನಂಥ ಕಡೆಯಲ್ಲಿ ಕನ್ನಡದ ಅವತಾರ್ ಒಂದು ತಯಾರಾಗಲಿ, ಅದಕ್ಕೆ ಬಳ್ಳಾರಿಯ ನಾಲಿಗೆ, ಮಂಗಳೂರಿನ ನಾಲಿಗೆ, ಕಲಬುರಗಿಯ ನಾಲಿಗೆ ಬೇರೆಬೇರೆ ಇರಲಿ. ನಾಲಿಗೆ ಕೊಡುವವರು ಬೇಕಿದ್ದರೆ ಬಯಲಾಟದ ಕಲಾವಿದರನ್ನು ಕರೆಯಿರಿ. ತಮಾಷೆಗೆ ಹೇಳುತ್ತಿಲ್ಲ. ರಾಕ್ಷಸನ ದನಿ ಎತ್ತುವುದೂ ಇಳಿಸುವುದೂ ಅವರಷ್ಟು ಯಾರಿಗೆ ಗೊತ್ತು? ಚಿಕಿತ್ಸೆಯನ್ನು ಚಿಕಿತ್ಸಕರೇ ಮಾಡಲಿ, ಬೈಗುಳದ ಧಾಟಿಯನ್ನು ಇವರು ಕಲಿಸಿಕೊಡಲಿ.

ಓಡಾಡುವ ಚಿತ್ರಗಳಲ್ಲಿ ಮನಸ್ಸಿನ ಮಾತು ಹೇಳುವುದಂತೂ ನಮಗೆ ಹೊಸದೇ ಅಲ್ಲ. ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಲ್ಲಿ ಗಾಂಧಿ ಕಥೆ ಆಡಿಸಿದ ಜಿಲ್ಲೆ ಇದು. ನ್ಯೂಜಿಲೆಂಡಿನ ಆಕ್ಲಂಡ್ ವಿಶ್ವವಿದ್ಯಾಲಯದವರು ಖಿನ್ನತೆಯಿರುವ ಹರೆಯದ ಮಕ್ಕಳಿಗಾಗಿ ಸ್ಪಾರ್ಕ್ಸ್ ಎಂಬ ಆಟ ಮಾಡಿದ್ದಾರೆ. ಮಕ್ಕಳು ಒಂದು ಪಾತ್ರವಾಗಿ ಆ ಲೋಕದೊಳಗೆ ಹೋಗಿ, ಕೆಟ್ಟ ಯೋಚನೆಗಳನ್ನು ನುಸಿಗಳ ಹಾಗೆ ಹೊಡೆದು ಓಡಿಸಬೇಕು. 187 ಮಕ್ಕಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಮಾಮೂಲಿ ಆಪ್ತಸಮಾಲೋಚನೆಗಿಂತ ಕಡಿಮೆ ಬೀಳಲಿಲ್ಲ. ನಮ್ಮ ದೇಶದಲ್ಲೂ ಗೋವಾದ ಸಂಗಾತ್ ಸಂಸ್ಥೆ ಹೈಸ್ಕೂಲು ಮಕ್ಕಳು ಸಮಸ್ಯೆ ಬಿಡಿಸಿಕೊಳ್ಳಲು ಕಲಿಯುವ ಮೊಬೈಲ್ ಆಟ ಮಾಡಿ ಶಾಲೆಗಳಲ್ಲಿ ನೋಡಿದೆ. ಗೋವಾದಲ್ಲಿ ಆಗಬಹುದಾದದ್ದು ಗಡಿಯ ಈಚೆ ಆಗಬಾರದೇಕೆ?

ಇಷ್ಟು ಹೇಳಿ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಇದನ್ನು ಓದಿ ಯಾರೂ ಮನೆಯಲ್ಲಿ ದನಿ ಬದಲಿಸುವ ಆ್ಯಪ್ ಹಾಕಿಕೊಂಡು ಕಾಯಿಲೆಯವರನ್ನು ಬೈದು ನೋಡಬೇಡಿ. ತರಬೇತಿ ಇಲ್ಲದವರ ಕೈಯಲ್ಲಿ ಇದು ಬೆಂಕಿ. ಕನ್ನಡಕ ಕೆಲವರಿಗೆ ತಲೆಸುತ್ತು, ವಾಕರಿಕೆ ತರುತ್ತದೆ, ಫಿಟ್ಸ್ ಇರುವವರು ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬಾರದು. ಪಟ್ಟಣದಲ್ಲಿ ಯಾರಾದರೂ ಬೋರ್ಡು ಹಾಕಿ ವಿ.ಆರ್. ಚಿಕಿತ್ಸೆ, ಮಾತ್ರೆ ಬೇಡ ಎಂದರೆ ಹಾಗೇ ವಾಪಸು ಬನ್ನಿ.

ಮನೆಯವರು ಇವತ್ತೇ ಮಾಡಬಹುದಾದದ್ದು ಬೇರೆ ಇದೆ. ಲೆಫ್ ಅವರಿಗೆ ಭಾರತದ ನಂಟೂ ಇತ್ತು. 1980ರ ದಶಕದಲ್ಲಿ ಚಂಡೀಗಢದ ಮನೋವೈದ್ಯ ಎನ್. ಎನ್. ವಿಗ್ ಅವರ ಜೊತೆ ಸೇರಿ ಸ್ಕಿಜೋಫ್ರೇನಿಯಾ ಇರುವವರ ಮನೆಗಳನ್ನು ಅಧ್ಯಯನ ಮಾಡಿದ್ದರು. ಮನೆಯವರು ರೋಗಿಯ ಬಗ್ಗೆ ಹೇಗೆ ಮಾತಾಡುತ್ತಾರೆ, ಎಷ್ಟು ಚುಚ್ಚುತ್ತಾರೆ ಎಂದು ನೋಡುವುದು ಅದರ ಕೆಲಸ. ಚುಚ್ಚುಮಾತು ಹೆಚ್ಚಿದ್ದ ಮನೆಗಳಲ್ಲಿ ಕಾಯಿಲೆ ಹೆಚ್ಚು ಮರುಕಳಿಸುತ್ತದೆ ಎಂಬುದು ಲಂಡನ್ನಿನಲ್ಲಿ ಮೊದಲೇ ತಿಳಿದಿತ್ತು. ಚಂಡೀಗಢದ ಕಡೆಯ ಮನೆಗಳಲ್ಲಿ ಲಂಡನ್ನಿಗಿಂತ ಚುಚ್ಚುವುದು ಕಡಿಮೆ ಎಂದು ಕಂಡಿತು. ಓದಿದಾಗ ನನಗೆ ಹೆಮ್ಮೆ ಅನ್ನಿಸಿತು, ಕೂಡಲೇ ನಮ್ಮ ಚಿಕ್ಕವ್ವ ಸಿಟ್ಟಿನಲ್ಲಿ "ನಿನ್ನಿಂದ ಮನೆ ಹಾಳಾತು" ಎಂದದ್ದೂ ನೆನಪಾಯಿತು. ಹೊರಗಿನಿಂದ ಅವ್ವ ಹೇಳಿದ್ದನ್ನೇ ಒಳಗಿನಿಂದ ದನಿಯೂ ಹೇಳಿದರೆ ಅವನು ಯಾರನ್ನು ಸುಳ್ಳು ಅನ್ನಬೇಕು? ಚಿಕ್ಕವ್ವನಿಗೆ ಇದನ್ನು ಬಿಡಿಸಿ ಹೇಳಿದೆ. ಅತ್ತಳು. ಈಗ ಆ ಮಾತು ಆಡುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ದನಿ ಏನು ಹೇಳುತ್ತದೆ ಎಂದು ಸಮಾಧಾನವಾಗಿ ಕೇಳಿ. ಅಂಥದ್ದೇನೂ ಇಲ್ಲ ಎಂದು ವಾದ ಮಾಡಬೇಡಿ, ಹೌದು ಎಂದು ತಲೆಯಾಡಿಸಲೂ ಬೇಡಿ. ನಿನಗೆ ಕೇಳುತ್ತದೆ, ನನಗೆ ಕೇಳುವುದಿಲ್ಲ, ನಿನಗೆ ಕಷ್ಟವಾಗುತ್ತಿದೆ ಎಂದು ಗೊತ್ತು ಎಂದರೆ ಸಾಕು. ಸಾಯಿ ಎಂದೋ, ಇನ್ನೊಬ್ಬರನ್ನು ಹೊಡಿ ಎಂದೋ ದನಿ ಹೇಳುತ್ತಿದ್ದರೆ ಮುಂದಿನ ಕ್ಲಿನಿಕ್ ದಿನದವರೆಗೆ ಕಾಯಬೇಡಿ, ಅವರನ್ನು ಒಬ್ಬರೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆ ಇರುವ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ, ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92ರಷ್ಟು ಜನರಿಗೆ. ನೀವು ಒಬ್ಬರೇ ಅಲ್ಲ.

ತಮ್ಮನ ದನಿ "ನೀ ಇರಬಾರದು" ಎನ್ನುತ್ತದೆ ಎಂದು ತಿಳಿದ ದಿನವೇ ಅವನನ್ನು ಕರೆದುಕೊಂಡು ಹೋದೆವು. ಡಾಕ್ಟರು ಅವತ್ತು ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಿದರು. ಮಾತ್ರೆ ಬದಲಿಸಿದರು, ಮನೋವಿಜ್ಞಾನಿಯ ಹುದ್ದೆ ಖಾಲಿ ಇದೆ ಎಂದೂ ಹೇಳಿದರು.

ಲಂಡನ್ನಿನ ಕಥೆಯನ್ನು ಅವನಿಗೆ ಪೂರ್ತಿ ಹೇಳಿದ್ದೇನೆ. ನಿನ್ನ ವಸೂಲಿಗಾರನ ಮುಖ ಮಾಡಿದರೆ ಹೇಗೆ ಮಾಡ್ತಿ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, "ಮೀಸಿ ಇರಬೇಕು ಅಣ್ಣ, ತಲಿ ಮ್ಯಾಲೆ ಟವೆಲ್ಲು" ಎಂದ. ಆಮೇಲೆ ಅಷ್ಟೇ ಗಂಭೀರವಾಗಿ ಕೇಳಿದ, "ಆ ಡಾಕ್ಟ್ರಿಗೆ ಕನ್ನಡ ಬರ್ತಿತ್ತೇನು?" ಇಲ್ಲ ಎಂದೆ. ಲೆಫ್ 2021ರಲ್ಲಿ ತೀರಿಕೊಂಡರು ಎಂದೂ ಹೇಳಿದೆ. "ಪಾಪ" ಎಂದ.

ಮುಂದಿನ ಮಂಗಳವಾರ ಮತ್ತೆ ಕ್ಲಿನಿಕ್ ದಿನ. ಈ ಸಲ ಆಸ್ಪತ್ರೆ ಚೀಟಿಯ ಹಿಂದೆ ದನಿ ಹೇಳುವ ಐದು ಮಾತುಗಳನ್ನು ತಾನೇ ಬರೆದಿಟ್ಟುಕೊಂಡಿದ್ದಾನೆ, ಪಕ್ಕದಲ್ಲಿ ಒಂದೊಂದಕ್ಕೂ ಉತ್ತರ. ಮೂರನೆಯದಕ್ಕೆ ಉತ್ತರ ಇನ್ನೂ ಹೊಳೆದಿಲ್ಲವಂತೆ.